ಮರೆವು ಅಂತ ಬಂದವರು

ಅವರಿಗೆ 71 ವರ್ಷ. ಹೆಂಡತಿ ತೀರಿಕೊಂಡ ಮೇಲೆ ಮಗನ ಮನೆಯಲ್ಲಿದ್ದಾರೆ. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಬಂದು ಕೂತವರೇ, "ಮೇಡಂ, ನನಗೆ ಅರಳುಮರಳು ಶುರುವಾಗಿದೆ" ಅಂದರು.

ಏನೇನು ಮರೆತಿರಿ ಅಂತ ಕೇಳಿದೆ. ದಿನ, ಹೊತ್ತು ಸಮೇತ ಪಟ್ಟಿ ಒಪ್ಪಿಸಿದರು! ಮರೆವಿನ ಕಾಯಿಲೆಯಲ್ಲಿ ಸಾಮಾನ್ಯವಾಗಿ ದೂರು ಹೇಳುವುದು ಮನೆಯವರು, ಕಾಯಿಲೆಯವರು "ನನಗೇನಾಗಿದೆ?" ಅನ್ನುತ್ತಾರೆ. ಇವರದು ತಿರುಗುಮುರುಗು. ನೂರರಿಂದ ಏಳೇಳು ಕಳೆಯಿರಿ ಅಂದರೆ ಪ್ರಯತ್ನವನ್ನೇ ಮಾಡದೆ "ಗೊತ್ತಾಗಲ್ಲ" ಅಂದುಬಿಟ್ಟರು. ನಸುಕಿಗೇ ಎಚ್ಚರ, ಊಟ ಸೇರುವುದಿಲ್ಲ, ಮೈಕೈ ನೋವು. ಬೇಜಾರಾ ಅಂದರೆ "ಅದೆಲ್ಲ ಏನಿಲ್ಲ". ವಯಸ್ಸಾದವರ ಖಿನ್ನತೆ ಎಷ್ಟೋ ಸಲ ಹೀಗೇ ಇರುತ್ತದೆ. ಅಳು ಕಾಣುವುದಿಲ್ಲ, ನೋವು ಮತ್ತು ಮರೆವು ಕಾಣುತ್ತದೆ.

ಹಿರಿಯರಿಗೆಂದೇ ಇರುವ 15 ಪ್ರಶ್ನೆಗಳ ಖಿನ್ನತೆ ಮಾಪಕದಲ್ಲಿ 5ಕ್ಕಿಂತ ಜಾಸ್ತಿ ಬಂದರೆ ಮುಂದೆ ಪರೀಕ್ಷಿಸಬೇಕು. ಇವರಿಗೆ 10 ಬಂತು. ಸಾಯುವ ಯೋಚನೆ ಬರುತ್ತದಾ ಅಂತಲೂ ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆ ಅನ್ನುವುದು ಸುಮ್ನೆ ಭಯ. "ಸಾವು ಬಂದರೆ ಬರಲಿ ಅನ್ನಿಸುತ್ತೆ. ನಾನಾಗಿ ಏನೂ ಮಾಡ್ಕೊಳ್ಳಲ್ಲ" ಅಂದರು. ಈ ಮಾತು ಬದಲಾದರೆ ಒಂದು ದಿನವೂ ಕಾಯದೆ ಕರೆತರಬೇಕು ಅಂತ, ಅವರ ಒಪ್ಪಿಗೆ ಪಡೆದು ಮಗನಿಗೆ ತಿಳಿಸಿದೆ.

ಮಗ ಹೇಳಿದ: "ಅಪ್ಪನಿಗೆ ಒಂದು ಕಡ್ಡಿ ಎತ್ತಿಡೋಕೂ ಬಿಡಲ್ಲ ಮೇಡಂ. ಬಿಲ್ಲು, ಬ್ಯಾಂಕು ಎಲ್ಲ ನಾನೇ." ಪಾಪ, ಹೆಮ್ಮೆಯಿಂದಲೇ ಹೇಳಿದ. ಇಡೀ ಸಂಸಾರ ತೂಗಿಸಿದ ಮನುಷ್ಯನಿಗೆ ಈಗ ಬೆಳಗಾದರೆ ಮಾಡಲು ಏನೂ ಇಲ್ಲ. ಹೆಂಡತಿ ಹೋದ ದುಃಖ ಇದ್ದೇ ಇತ್ತು. ಅದರ ಮೇಲೆ ಈ ಆರಾಮು!

ಬಿಲ್ಲು ಕಟ್ಟುವ ಕೆಲಸ ಅಪ್ಪನಿಗೇ ವಾಪಸ್ ಕೊಡಿ ಅಂದೆ. "ತಪ್ಪು ಮಾಡಿದರೆ?" ದಂಡ ಕಟ್ಟಿದರಾಯಿತು, ಅಲ್ವಾ? ಅಪ್ಪನಿಗೆ ಹೇಳಿದ್ದು ಬೇರೆ: ಮನಸ್ಸು ಬರಲಿ, ಆಮೇಲೆ ಹೊರಡುತ್ತೇನೆ ಅಂತ ಕಾಯಬೇಡಿ. ಹೊರಡಿ, ಮನಸ್ಸು ಹಿಂದಿನಿಂದ ಬರುತ್ತದೆ. ದಿನಾ ಬೆಳಗ್ಗೆ ಒಂದು ಸುತ್ತು ನಡಿಗೆ, ವಾರಕ್ಕೊಮ್ಮೆ ಹಳೆಯ ಗೆಳೆಯನ ಭೇಟಿ. ನಿದ್ದೆ ಮಾತ್ರೆ ನೀವಾಗಿಯೇ ತಗೊಳ್ಳಬೇಡಿ, ಬೀಳುವ ಅಪಾಯವಿದೆ.

ಇವುಗಳ ತೊಂದರೆಯೂ ಮರೆವಿನ ಹಾಗೆ ಕಾಣಬಹುದು ಅಂತ ಥೈರಾಯ್ಡ್, ವಿಟಮಿನ್ ಬಿ12, ಕಿವಿ ಪರೀಕ್ಷೆಗೆ ಬರೆದು ಮನೋವೈದ್ಯರ ಬಳಿ ಕಳಿಸಿದೆ. ಅವರು ಖಿನ್ನತೆಯ ಮಾತ್ರೆ ಶುರು ಮಾಡಿದರು. ಗುಣ ಕಾಣಲು ಕೆಲವು ವಾರ ಬೇಕು. ಈ ವಯಸ್ಸಿನಲ್ಲಿ ಕೆಲವರಿಗೆ ಈ ಮಾತ್ರೆಯಿಂದ ಸೋಡಿಯಂ (ರಕ್ತದಲ್ಲಿರುವ ಉಪ್ಪಿನಂಶ) ಇಳಿಯುವುದರಿಂದ ರಕ್ತಪರೀಕ್ಷೆಯನ್ನೂ ಹೇಳಿದ್ದಾರೆ. ಮನಸ್ಸು ಚೇತರಿಸಿಕೊಂಡ ಮೇಲೆ ನೆನಪಿನ ಪರೀಕ್ಷೆ ಮತ್ತೆ ಮಾಡಬೇಕು. ಖಿನ್ನತೆ ಇದೆ ಅಂದಮಾತ್ರಕ್ಕೆ ಮರೆವಿನ ಕಾಯಿಲೆ ಇಲ್ಲವೇ ಇಲ್ಲ ಅಂತ ಈಗಲೇ ಹೇಳಲಾಗದು.