ಎಂ.ಎಸ್‌ಸಿ. ಮಾಡಿದರೆ ಆಕ್ಚುವರಿ ಆದ ಹಾಗೆಯೇ?

ವಿಮೆ, ಪಿಂಚಣಿ, ಗ್ರಾಚ್ಯುಯಿಟಿ ಎಂದು ಮುಂದೆಂದೋ ಕೊಡಬೇಕಾದ ಹಣಕ್ಕೆ ಇವತ್ತು ಎಷ್ಟು ಎತ್ತಿಡಬೇಕು ಎಂದು ಲೆಕ್ಕ ಹಾಕುವವರು ಆಕ್ಚುವರಿಗಳು. ಈ ವಿಷಯದ ಸ್ನಾತಕೋತ್ತರ ಓದಿನ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಆರನ್ನು ಈ ಸಲ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿದ್ದೇನೆ. ಗಣಿತ, ಸಂಖ್ಯಾಶಾಸ್ತ್ರ ನನ್ನ ವಿಷಯಗಳು. ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎಸ್‌ಸಿ. ಆಕ್ಚುವೇರಿಯಲ್ ಸೈನ್ಸ್‌ಗೆ ಸೇರಿದರೆ ಎರಡು ವರ್ಷದಲ್ಲಿ ಆಕ್ಚುವರಿ ಆಗಬಹುದೇ?
– ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಆಗುವುದಿಲ್ಲ. ನಮ್ಮ ದೇಶದಲ್ಲಿ ಈ ವೃತ್ತಿಯನ್ನು ನಿಯಂತ್ರಿಸುವುದು 2006ರ ಆಕ್ಚುವರೀಸ್ ಕಾಯ್ದೆ. ಅದರ ಕೆಳಗೆ ಪರೀಕ್ಷೆ ನಡೆಸಿ ಫೆಲೋ (ಪೂರ್ಣ ಅರ್ಹತೆ ಪಡೆದ ಸದಸ್ಯ) ಎಂದು ಅಂಗೀಕರಿಸುವುದು ಇನ್‌ಸ್ಟಿಟ್ಯೂಟ್ ಆಫ್ ಆಕ್ಚುವರೀಸ್ ಆಫ್ ಇಂಡಿಯಾ (ಐಎಐ). ಸಿ.ಎ. ಇದ್ದ ಹಾಗೆ ಎಂದುಕೊಳ್ಳಿ: ಎಂ.ಕಾಂ. ಮಾಡಿದವರೆಲ್ಲ ಸಿ.ಎ. ಅಲ್ಲ.

2019ರ ಪಠ್ಯಕ್ರಮದ ಲೆಕ್ಕದಲ್ಲಿ ಒಟ್ಟು 13 ಪೇಪರ್. ಬುಡದಲ್ಲಿ ಏಳು: ಸಂಖ್ಯಾಶಾಸ್ತ್ರದ ಸಿಎಸ್1, ಸಿಎಸ್2, ಬಡ್ಡಿ, ವಿಮಾ ಗಣಿತ ಮತ್ತು ಹಣಕಾಸಿನ ಮಾದರಿಗಳ ಸಿಎಂ1, ಸಿಎಂ2, ಹಣಕಾಸು, ಅರ್ಥಶಾಸ್ತ್ರ, ವ್ಯವಹಾರ ನಿರ್ವಹಣೆಯ ಸಿಬಿ1, ಸಿಬಿ2, ಸಿಬಿ3. ಅದರ ಮೇಲೆ ವೃತ್ತಿಯ ಅಭ್ಯಾಸಕ್ಕೆ ಸಂಬಂಧಿಸಿದ ಸಿಪಿ ಸಾಲಿನ ಮೂರು, ಆಯ್ದುಕೊಂಡ ಕ್ಷೇತ್ರದ ಎಸ್‌ಪಿ ಎರಡು, ಕೊನೆಗೆ ಅದರ ಮೇಲಿನ ಹಂತದ ಎಸ್‌ಎ ಒಂದು. ಇಷ್ಟರ ಜೊತೆಗೆ ಕೆಲಸದ ಅನುಭವವೂ ಬೇಕು. ಎಂ.ಎಸ್‌ಸಿ.ಯಲ್ಲಿ ಕಲಿಸುವುದು ಹೆಚ್ಚೂಕಡಿಮೆ ಆ ಬುಡದ ಏಳನ್ನೇ.

ಆದ್ದರಿಂದ ಕಾಲೇಜಿನವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಯಾವ ವಿಷಯಕ್ಕೆ ಐಎಐಯ ಯಾವ ಪೇಪರಿನ ವಿನಾಯಿತಿ (ಅಂದರೆ ಆ ಪೇಪರನ್ನು ಮತ್ತೆ ಬರೆಯಬೇಕಿಲ್ಲ ಎಂಬ ರಿಯಾಯಿತಿ) ಸಿಗುತ್ತದೆ, ಎಷ್ಟು ಅಂಕ ಬಂದರೆ ಸಿಗುತ್ತದೆ? ಉತ್ತರ ಬರಹದಲ್ಲಿ ಬರಲಿ. "ಪಠ್ಯ ಐಎಐ ಸಿಲಬಸ್‌ಗೆ ಹೊಂದಿಕೊಂಡಿದೆ" ಎಂದರೆ ವಿನಾಯಿತಿ ಇದೆ ಎಂದು ಅರ್ಥವಲ್ಲ. ಬ್ರೋಷರ್‌ಗಳಲ್ಲಿ ಈ ಎರಡನ್ನೂ ಜಾಣತನದಿಂದ ಬೆರೆಸಿರುತ್ತಾರೆ. ವಿನಾಯಿತಿ ಇಲ್ಲದಿದ್ದರೆ ಅಷ್ಟು ಶುಲ್ಕ ತೆರುವ ಬದಲು ಮೈಸೂರು, ಧಾರವಾಡ, ಮಂಗಳೂರು, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಎಲ್ಲಿ ಸೀಟು ಸಿಗುವುದೋ ಅಲ್ಲಿ ಎಂ.ಎಸ್‌ಸಿ. ಸ್ಟ್ಯಾಟಿಸ್ಟಿಕ್ಸ್ ಸೇರುವುದು ಮೇಲು. ಸಿಎಸ್1ರ ಬಹುಪಾಲು ಮತ್ತು ಸಿಎಸ್2ರ ಒಂದಷ್ಟು ಭಾಗ ತರಗತಿಯಲ್ಲೇ ಬಂದುಬಿಡುತ್ತದೆ. ಸಿಎಂ ಪೇಪರ್‌ಗಳನ್ನು ಮಾತ್ರ ಸ್ವಂತ ಓದಬೇಕು. ಏನೇ ಸೇರಿ, ಸೇರುವ ಮೊದಲು ಸಿಎಸ್1 ಅಥವಾ ಸಿಎಂ1 ಒಂದನ್ನಾದರೂ ಬರೆದು ನೋಡಿ. ಈ ಓದು ನಿಮಗೆ ಒಗ್ಗುತ್ತದೋ ಇಲ್ಲವೋ ಎಂದು ಕಡಿಮೆ ಖರ್ಚಿನಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ಬಿ.ಕಾಂ. ಮುಗಿಸಿದ್ದೇನೆ. ಪಿಯುಸಿಯಲ್ಲಿ ಗಣಿತ ಇರಲಿಲ್ಲ. ಪ್ರವೇಶ ಪರೀಕ್ಷೆ ನನ್ನ ಕೈಲಾಗುತ್ತದೆಯೇ?
– ಓದುಗ, ಹುಬ್ಬಳ್ಳಿ

ಉತ್ತರ: ಇನ್‌ಸ್ಟಿಟ್ಯೂಟ್‌ಗೆ ಸೇರಲು ಬರೆಯಬೇಕಾದ ಪ್ರವೇಶ ಪರೀಕ್ಷೆಯ ಹೆಸರು ಎಸೆಟ್ (ACET). ಮೂರು ಗಂಟೆ, 70 ಪ್ರಶ್ನೆ, 100 ಅಂಕ. ಗಣಿತ 30, ಸಂಖ್ಯಾಶಾಸ್ತ್ರ 30, ದತ್ತಾಂಶ ವಿಶ್ಲೇಷಣೆ 15, ಇಂಗ್ಲಿಷ್ 15, ತಾರ್ಕಿಕ ಪ್ರಶ್ನೆಗಳು 10. ಅರ್ಧದಷ್ಟು ಅಂಕ ಬಂದರೆ ಪಾಸು. ಕೊನೆಯ ಮೂರು ಭಾಗದ 40ರಲ್ಲಿ 30 ಗಳಿಸಿದರೂ ಉಳಿದ 60ರಲ್ಲಿ 20 ಸಾಕು, ಅಂದರೆ ಕೈಲಾಗುತ್ತದೆ. ಆದರೆ ಈ ಲೆಕ್ಕವನ್ನು ನಂಬಿ ಒಳಗೆ ಹೋದವರು ಸಿಎಸ್1ರಲ್ಲಿ ಸಿಕ್ಕಿಬೀಳುತ್ತಾರೆ, ಅಲ್ಲಿ ಮೊದಲ ಅಧ್ಯಾಯಗಳಿಂದಲೇ ಅನುಕಲನ ಬೇಕು.

ಹನ್ನೊಂದು ಮತ್ತು ಹನ್ನೆರಡನೆಯ ತರಗತಿಯ ಎನ್‌ಸಿಇಆರ್‌ಟಿ ಗಣಿತ ಪುಸ್ತಕಗಳನ್ನು ತೆಗೆದುಕೊಂಡು ಶ್ರೇಢಿ, ಲಾಗರಿದಮ್, ಅವಕಲನ, ಅನುಕಲನ, ಮ್ಯಾಟ್ರಿಕ್ಸ್, ಸಂಭವನೀಯತೆ, ಇದೇ ಕ್ರಮದಲ್ಲಿ ಮಾಡಿ. ತ್ರಿಕೋನಮಿತಿಯ ಉದ್ದುದ್ದ ಸೂತ್ರಗಳಿಗೆ ಸಮಯ ಹಾಕಬೇಡಿ. ದಿನಕ್ಕೆ ಎರಡು ಗಂಟೆಯಂತೆ ನಾಲ್ಕು ತಿಂಗಳು ಇಟ್ಟುಕೊಳ್ಳಿ. ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುವಾಗ ಅರ್ಹತೆಯ ಸಾಲನ್ನು ಎರಡು ಸಲ ಓದಿ: ಪದವಿಯಲ್ಲಿ ಗಣಿತ ಅಥವಾ ಸಂಖ್ಯಾಶಾಸ್ತ್ರ ಇರಲೇಬೇಕು ಎನ್ನುವ ಕಡೆ ಎಸೆಟ್ ಪಾಸಾಗಿದ್ದರೂ ಬಿ.ಕಾಂ. ನಡೆಯುವುದಿಲ್ಲ.

ಪ್ರಶ್ನೆ: ಎಂ.ಎಸ್‌ಸಿ. ಎರಡನೆಯ ವರ್ಷ. ತರಗತಿಯಲ್ಲಿ ಒಳ್ಳೆಯ ಅಂಕ ಬರುತ್ತವೆ, ಆದರೆ ಸಿಎಂ1ರಲ್ಲಿ ಎರಡು ಸಲ ಫೇಲಾದೆ. ಎಲ್ಲಿ ತಪ್ಪುತ್ತಿದೆ?
– ವಿದ್ಯಾರ್ಥಿ, ಬೆಂಗಳೂರು

ಉತ್ತರ: ಸಿಎಂ1ರಲ್ಲಿ ಸೂತ್ರ ಮರೆತು ಫೇಲಾಗುವವರು ಕಡಿಮೆ. ಹಣ ಯಾವ ಗಳಿಗೆಯಲ್ಲಿ ಕೈ ಬದಲಾಗುತ್ತದೆ ಎಂಬುದನ್ನು ತಪ್ಪಾಗಿ ಓದಿ ಫೇಲಾಗುವವರೇ ಹೆಚ್ಚು. ಪ್ರತಿ ವರ್ಷ 10,000 ರೂಪಾಯಿಯಂತೆ 20 ಕಂತು, ಬಡ್ಡಿ ಶೇ 7 ಎನ್ನೋಣ. ಕಂತು ವರ್ಷದ ಕೊನೆಗೆ ಬಂದರೆ ಇಂದಿನ ಬೆಲೆ 1,05,940 ರೂಪಾಯಿ. ವರ್ಷದ ಮೊದಲಿಗೇ ಬಂದರೆ 1,13,356. ಸೂತ್ರ ಎರಡಕ್ಕೂ ಒಂದೇ, ನಡುವೆ ಒಂದು 1.07 ಮಾತ್ರ. ಪ್ರಶ್ನೆಯಲ್ಲಿ ಅದು ಸುಳಿದುಹೋಗುವುದು "ಮುಂಗಡವಾಗಿ" ಎಂಬ ಒಂದೇ ಪದದಲ್ಲಿ.

ಎರಡನೆಯ ಹಳ್ಳ ಬಡ್ಡಿಯ ಭಾಷೆ. "ವಾರ್ಷಿಕ ಶೇ 12, ತಿಂಗಳಿಗೊಮ್ಮೆ ಚಕ್ರಬಡ್ಡಿ" ಎಂದರೆ ತಿಂಗಳಿಗೆ ಶೇ 1, ವರ್ಷಕ್ಕೆ ಶೇ 12.68. "ವಾರ್ಷಿಕ ಪರಿಣಾಮಕಾರಿ ದರ ಶೇ 12" ಎಂದರೆ ತಿಂಗಳಿಗೆ ಶೇ 1 ಅಲ್ಲ, ಸುಮಾರು 0.949. ಲೆಕ್ಕ ಶುರು ಮಾಡುವ ಮೊದಲು ಕಾಗದದ ಮೇಲೆ ಒಂದು ಕಾಲರೇಖೆ ಎಳೆದು, ಪ್ರತಿ ಕಂತಿನ ಗುರುತು ಹಾಕಿ, ಪಕ್ಕದಲ್ಲಿ ಆ ಅವಧಿಯ ದರವನ್ನು ಬರೆದುಕೊಳ್ಳಿ. ಇದಕ್ಕೆ ಅರ್ಧ ನಿಮಿಷ ಹೋದರೂ ಹತ್ತು ಅಂಕದ ಪ್ರಶ್ನೆ ಉಳಿಯುತ್ತದೆ.

ಮೂರನೆಯದು ಬಿ ಪೇಪರ್. ಸಿಎಸ್, ಸಿಎಂ ನಾಲ್ಕಕ್ಕೂ ಬರಹದ ಎ ಪೇಪರ್ ಜೊತೆಗೆ ಕಂಪ್ಯೂಟರಿನಲ್ಲಿ ಮಾಡುವ ಬಿ ಪೇಪರ್ ಇದೆ. ಸಿಎಸ್‌ಗೆ ಆರ್ ಭಾಷೆ, ಸಿಎಂಗೆ ಎಕ್ಸೆಲ್. ಎ 70, ಬಿ 30ರ ತೂಕದಲ್ಲಿ ಎರಡನ್ನೂ ಕೂಡಿಸಿ ಫಲಿತಾಂಶ ಕೊಡುತ್ತಾರೆ. ಎಕ್ಸೆಲ್ ಗೊತ್ತಿದೆ ಎಂದು ಬಿ ಪೇಪರನ್ನು ಕೊನೆಯ ವಾರಕ್ಕೆ ಬಿಡುವುದು ಎಲ್ಲರೂ ಮಾಡುವ ತಪ್ಪು. ಬಡ್ಡಿ ದರ, ವೆಚ್ಚ, ಮರಣ ದರ ಇವನ್ನೆಲ್ಲ ಒಂದು ಕಡೆ ಇಟ್ಟು ಸೂತ್ರಗಳು ಅಲ್ಲಿಂದಲೇ ಎತ್ತಿಕೊಳ್ಳುವ ಹಾಗೆ ಮಾಡಿ. ಸೂತ್ರದೊಳಗೇ 1.07 ಎಂದು ಟೈಪ್ ಮಾಡಿದ್ದರೆ, "ದರ ಶೇ 6ಕ್ಕೆ ಇಳಿದರೆ?" ಎಂಬ ಮುಂದಿನ ಉಪಪ್ರಶ್ನೆಗೆ ಇಡೀ ಹಾಳೆಯನ್ನು ಕೆದಕಬೇಕಾಗುತ್ತದೆ. ಸೆಲ್ ಕದಲದಂತೆ ಹಿಡಿಯುವ ಡಾಲರ್ ಚಿಹ್ನೆ ಹಾಕದೆ ಸೂತ್ರವನ್ನು ಕೆಳಗೆಳೆದು ಖಾಲಿ ಸೆಲ್‌ಗೆ ಗುಣಿಸುವುದೂ ಮಾಮೂಲು. ಉತ್ತರ ಸೊನ್ನೆ ಬಂದರೆ ಪತ್ತೆಯಾಗುತ್ತದೆ, ಬೇರೇನೋ ಸಂಖ್ಯೆ ಬಂದರೆ ಪತ್ತೆಯೇ ಆಗುವುದಿಲ್ಲ.

ಉತ್ತರ ಸರಿಯೋ ಎಂದು ಅಂದಾಜಿಸುವ ಅಭ್ಯಾಸವೂ ಬೇಕು. ಭಾರತದ ವಿಮಾದಾರರ 2012–14ರ ಮರಣ ಪಟ್ಟಿಯಲ್ಲಿ ಒಂದು ವರ್ಷದೊಳಗೆ ಸಾಯುವ ಸಂಭವನೀಯತೆ 30ನೇ ವಯಸ್ಸಿಗೆ 0.000977, 40ಕ್ಕೆ 0.001680, 60ಕ್ಕೆ 0.011162. 40 ವರ್ಷದವರಿಗೆ ಒಂದು ವರ್ಷದ ಒಂದು ಲಕ್ಷದ ವಿಮೆ ಎಂದರೆ 168 ರೂಪಾಯಿ. ಹಣವನ್ನು ವರ್ಷದ ಕೊನೆಗೆ ಕೊಡುವುದಾಗಿ ಹಿಡಿದು ಶೇ 6ರಲ್ಲಿ ಹಿಂದಕ್ಕೆ ತಂದರೆ ಸುಮಾರು 158. ಖರ್ಚು, ಲಾಭ ಇದರ ಮೇಲೆ. ನಿಮ್ಮ ಉತ್ತರ ನಾಲ್ಕಂಕಿ ದಾಟಿದ್ದರೆ ಕ್ಯಾಲ್ಕುಲೇಟರನ್ನು ಕೆಳಗಿಟ್ಟು ಪ್ರಶ್ನೆಯನ್ನು ಮತ್ತೆ ಓದಿ.

ಪ್ರಶ್ನೆ: ಮಗಳಿಗೆ ಬ್ರಿಟನ್ನಿನಿಂದ ಎರಡು ಆಫರ್ ಬಂದಿವೆ. ಒಂದು ಆಕ್ಚುವೇರಿಯಲ್ ಸೈನ್ಸ್, ಇನ್ನೊಂದು ಆಕ್ಚುವೇರಿಯಲ್ ಮ್ಯಾನೇಜ್‌ಮೆಂಟ್. ಅವಳು ಇಲ್ಲಿ ಸಿಎಸ್, ಸಿಎಂ ನಾಲ್ಕನ್ನೂ ಪಾಸು ಮಾಡಿದ್ದಾಳೆ. ಯಾವುದಕ್ಕೆ ಸೇರಿಸಲಿ?
– ಪೋಷಕರು, ದಾವಣಗೆರೆ

ಉತ್ತರ: ಮ್ಯಾನೇಜ್‌ಮೆಂಟ್‌ಗೆ. ಹೆಸರು ಕೇಳಿ ಅದನ್ನು ಎಂಬಿಎ ಎಂದುಕೊಳ್ಳಬೇಡಿ. ಲಂಡನ್ನಿನ ಬೇಯ್ಸ್, ಎಡಿನ್‌ಬರೋದ ಹೆರಿಯಟ್-ವಾಟ್ ಮುಂತಾದ ಕಡೆ ಸೈನ್ಸ್ ಎಂದರೆ ಬುಡದ ಪೇಪರ್‌ಗಳು, ಮ್ಯಾನೇಜ್‌ಮೆಂಟ್ ಎಂದರೆ ಅದರ ನಂತರದ ಸಿಪಿ, ಎಸ್‌ಪಿ ಮಟ್ಟದ ವಿಷಯಗಳು. ನಿಮ್ಮ ಮಗಳು ಸೈನ್ಸ್‌ಗೆ ಸೇರಿದರೆ ಪಾಸಾದ ಪೇಪರನ್ನೇ ಪೌಂಡ್ ಕೊಟ್ಟು ಮತ್ತೊಮ್ಮೆ ಓದಿದಂತೆ. ಅವಳು ಇನ್ನೂ ಒಂದೂ ಪೇಪರ್ ಬರೆಯದಿದ್ದರೆ ನಮ್ಮ ಉತ್ತರ ತಿರುಗುಮುರುಗಾಗುತ್ತಿತ್ತು.

ಅಲ್ಲಿನ ವೃತ್ತಿಸಂಸ್ಥೆ ಐಎಫ್‌ಒಎ (ಇನ್‌ಸ್ಟಿಟ್ಯೂಟ್ ಆ್ಯಂಡ್ ಫ್ಯಾಕಲ್ಟಿ ಆಫ್ ಆಕ್ಚುವರೀಸ್). ಲಂಡನ್ನಿನ ಇನ್‌ಸ್ಟಿಟ್ಯೂಟ್ ಮತ್ತು ಎಡಿನ್‌ಬರೋದ ಫ್ಯಾಕಲ್ಟಿ 2010ರಲ್ಲಿ ಒಂದಾಗಿ ಆದದ್ದು. ವಿನಾಯಿತಿ ಪದವಿಯ ಜೊತೆ ತಾನಾಗಿ ಬರುವುದಿಲ್ಲ. ಆಯಾ ವಿಷಯದಲ್ಲಿ ನಿಗದಿಯಾದ ಮಟ್ಟ ಮುಟ್ಟಬೇಕು, ಸದಸ್ಯತ್ವ ಪಡೆಯಬೇಕು, ವಿನಾಯಿತಿಗೆ ಬೇರೆ ಶುಲ್ಕ ಕಟ್ಟಬೇಕು. ಬರೀ ಪಾಸಾದವರಿಗೆ ಪದವಿ ಸಿಕ್ಕಿ ವಿನಾಯಿತಿ ತಪ್ಪುವುದುಂಟು. ಮುಂದೆ ಭಾರತಕ್ಕೆ ಮರಳುವ ಯೋಚನೆ ಇದ್ದರೆ, ಅಲ್ಲಿನ ವಿಶ್ವವಿದ್ಯಾಲಯದ ಮೂಲಕ ಪಡೆದ ವಿನಾಯಿತಿಯನ್ನು ಇಲ್ಲಿನ ಇನ್‌ಸ್ಟಿಟ್ಯೂಟ್ ಹೇಗೆ ಪರಿಗಣಿಸುತ್ತದೆ ಎಂದು ಮೊದಲೇ ಇಮೇಲ್ ಬರೆದು ಕೇಳಿ. ಶುಲ್ಕ ಕಟ್ಟಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಪ್ರಶ್ನೆ: ಜೀವ ವಿಮಾ ಕಂಪನಿ ಬಿಟ್ಟರೆ ಬೇರೆ ಕೆಲಸ ಇದೆಯೇ?
– ಓದುಗರು, ಹಾಸನ

ಉತ್ತರ: ಇದೆ. ವಾಹನ ವಿಮೆ, ಆರೋಗ್ಯ ವಿಮೆ, ವಿಮಾ ಕಂಪನಿಗಳಿಗೇ ವಿಮೆ ಕೊಡುವ ಮರುವಿಮೆ. ಸ್ವಿಸ್ ರೀಯಂಥ ಮರುವಿಮಾ ಸಂಸ್ಥೆಯ ಕಚೇರಿ ಬೆಂಗಳೂರಿನಲ್ಲೇ ಇದೆ. ಹೊಸಬರು ಕಾಲಿಡಲು ಸುಲಭವಾದದ್ದು ಗ್ರಾಚ್ಯುಯಿಟಿ ಮೌಲ್ಯಮಾಪನ, ಅಂದರೆ ಮುಂದೆ ಕೊಡಬೇಕಾದ ಗ್ರಾಚ್ಯುಯಿಟಿಗೆ ಕಂಪನಿಯ ಇಂದಿನ ಹೊಣೆ ಎಷ್ಟು ಎಂಬ ಲೆಕ್ಕ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 13,000 ಇರುವವರಿಗೆ 10 ವರ್ಷದ ಸೇವೆಗೆ 15/26ರ ಸೂತ್ರದಲ್ಲಿ (ತಿಂಗಳ ವೇತನ × 15/26 × ಸೇವೆಯ ವರ್ಷ) 75,000 ರೂಪಾಯಿ. ನಿವೃತ್ತಿಗೆ ಇನ್ನೂ 20 ವರ್ಷ ಇದೆ, ಸಂಬಳ ಏರಿಕೆ ಶೇ 7, ಬಡ್ಡಿಯೂ ಶೇ 7 ಎಂದರೆ ಎರಡೂ ಹೊಡೆದುಹೋಗಿ, ನಡುವೆ ಕೆಲಸ ಬಿಡುವವರನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಹೊಣೆ 75,000 ಆಗಿಯೇ ಉಳಿಯುತ್ತದೆ. ಏರಿಕೆಯನ್ನು ಶೇ 8 ಎಂದು ಬದಲಿಸಿ ನೋಡಿ: ಹೊಣೆ 90,000 ದಾಟುತ್ತದೆ. ಕಂಪನಿಯವರು ಸಂಬಳ ಏರಿಕೆಯ ದರದ ಬಗ್ಗೆ ಅಷ್ಟೊಂದು ಚೌಕಾಶಿ ಮಾಡುವುದು ಇದಕ್ಕೇ.

ಪ್ರಶ್ನೆ: ಎಂ.ಎಸ್‌ಸಿ. ಪ್ರಾಜೆಕ್ಟಿಗೆ ಬೆಳೆ ವಿಮೆ ತೆಗೆದುಕೊಳ್ಳಬೇಕೆಂದಿದ್ದೇನೆ. ರಾಗಿಯ ಇಳುವರಿ ಅಂಕಿಗಳಿವೆ. ಹೇಗೆ ಶುರು ಮಾಡಲಿ?
– ವಿದ್ಯಾರ್ಥಿನಿ, ತುಮಕೂರು

ಉತ್ತರ: ಒಳ್ಳೆಯ ಆಯ್ಕೆ. ಅಮೆರಿಕದ ವಾಹನ ವಿಮೆಯ ಸಿದ್ಧ ದತ್ತಾಂಶವನ್ನೇ ಎಲ್ಲರೂ ತಿರುಗಿಸಿ ಮುರುಗಿಸಿ ಬರೆಯುತ್ತಿರುವಾಗ ಇದನ್ನು ಓದುವ ಪರೀಕ್ಷಕರಿಗೂ ಖುಷಿಯಾಗುತ್ತದೆ.

2016ರಲ್ಲಿ ಶುರುವಾದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ ಗರಿಷ್ಠ ಶೇ 2. ನಿಜವಾದ ಪ್ರೀಮಿಯಂ ಅದಕ್ಕಿಂತ ಹೆಚ್ಚಿದ್ದರೆ ವ್ಯತ್ಯಾಸವನ್ನು ಸರ್ಕಾರಗಳು ತುಂಬುತ್ತವೆ. ನೀವು ಕಂಡುಹಿಡಿಯಬೇಕಾದದ್ದು ಆ ನಿಜವಾದ ದರವನ್ನು. ಪರಿಹಾರದ ಸೂತ್ರ ಸರಳ: ಹೊಸ್ತಿಲು ಇಳುವರಿಯಿಂದ (ಇದಕ್ಕಿಂತ ಕಡಿಮೆ ಬಂದರೆ ಪರಿಹಾರ ಎಂಬ ಮಟ್ಟ) ಬೆಳೆ ಕಟಾವು ಪ್ರಯೋಗದ, ಅಂದರೆ ಮಾದರಿ ಜಾಗದಲ್ಲಿ ಕೊಯ್ದು ಅಳೆದ, ಇಳುವರಿಯನ್ನು ಕಳೆದು, ಹೊಸ್ತಿಲಿನಿಂದ ಭಾಗಿಸಿ, ವಿಮಾ ಮೊತ್ತದಿಂದ ಗುಣಿಸುವುದು. ಹೊಸ್ತಿಲು ಹೆಕ್ಟೇರಿಗೆ 1,000 ಕಿಲೋ, ಬಂದದ್ದು 700, ವಿಮಾ ಮೊತ್ತ 40,000 ಎಂದರೆ ಪರಿಹಾರ 12,000.

ಬಹಳ ಮಂದಿ ಎಡವುವುದು ಇಲ್ಲಿ: ಹತ್ತು ವರ್ಷದ ಸರಾಸರಿ ಇಳುವರಿ 1,050 ಇದೆ, ಹೊಸ್ತಿಲಿಗಿಂತ ಹೆಚ್ಚು, ಹಾಗಾಗಿ ನಷ್ಟ ಸೊನ್ನೆ ಎಂದು ಬರೆದುಬಿಡುತ್ತಾರೆ. ಒಳ್ಳೆಯ ವರ್ಷದ ಹೆಚ್ಚುವರಿ ರಾಗಿ ವಿಮಾ ಕಂಪನಿಗೆ ಬರುವುದಿಲ್ಲ. ಕೆಟ್ಟ ವರ್ಷದ ಕೊರತೆ ಮಾತ್ರ ಬರುತ್ತದೆ. ಮೊದಲು ಪ್ರತಿ ವರ್ಷದ ಪರಿಹಾರ ಲೆಕ್ಕ ಹಾಕಿ, ಆಮೇಲೆ ಅದರ ಸರಾಸರಿ ತೆಗೆಯಿರಿ. ತಳಿ, ಗೊಬ್ಬರ ಬದಲಾಗಿ ಇಳುವರಿ ವರ್ಷದಿಂದ ವರ್ಷಕ್ಕೆ ಏರಿದ್ದರೆ ಆ ಏರಿಕೆಯನ್ನು ಮೊದಲೇ ಕಳೆಯಬೇಕು. ಇಲ್ಲದಿದ್ದರೆ ಹಳೆಯ ವರ್ಷಗಳೆಲ್ಲ ಬರಗಾಲದಂತೆ ಕಾಣುತ್ತವೆ.

ಇನ್ನೊಂದು ಮಾತು. ಕರ್ನಾಟಕದಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ವಿಮಾ ಘಟಕ, ಅಂದರೆ ಇಳುವರಿ ಅಳೆದು ಪರಿಹಾರ ನಿರ್ಧರಿಸುವುದು ಪಂಚಾಯಿತಿವಾರು. ಮುನ್ನೂರು ಪಂಚಾಯಿತಿ ಇವೆ, ಆದ್ದರಿಂದ ಅಪಾಯ ಹಂಚಿಹೋಗುತ್ತದೆ ಎಂದು ಒಂದೊಂದನ್ನೂ ಬಿಡಿಬಿಡಿಯಾಗಿ ಹಿಡಿದು ಸಿಮ್ಯುಲೇಶನ್ ಮಾಡಿದರೆ ಪರೀಕ್ಷಕರ ಮೊದಲ ಪ್ರಶ್ನೆಗೇ ತಡವರಿಸುತ್ತೀರಿ. ಮಳೆ ಕೈಕೊಟ್ಟರೆ ಪಾವಗಡಕ್ಕೂ ಶಿರಾಕ್ಕೂ ಒಟ್ಟಿಗೇ ಕೈಕೊಡುತ್ತದೆ. ಪಂಚಾಯಿತಿಗಳನ್ನು ಬಿಟ್ಟು ವರ್ಷಗಳನ್ನೇ ಇಡಿಯಾಗಿ ಎತ್ತಿ ಮರುಆಯ್ಕೆ ಮಾಡಿ: 2015 ಬಂತೆಂದರೆ ಎಲ್ಲ ಪಂಚಾಯಿತಿಗಳ 2015ರ ಇಳುವರಿಯೂ ಒಟ್ಟಿಗೇ ಬರಲಿ. ಸರಾಸರಿ ನಷ್ಟ ಹೆಚ್ಚೇನೂ ಬದಲಾಗುವುದಿಲ್ಲ, ಆದರೆ ತೀರಾ ಕೆಟ್ಟ ವರ್ಷಕ್ಕೆ ಎತ್ತಿಡಬೇಕಾದ ಹಣ ಎಷ್ಟೋ ಪಟ್ಟು ಏರುತ್ತದೆ. ನಿಮ್ಮ ವರದಿಯ ಮುಖ್ಯ ಕೋಷ್ಟಕ ಅದೇ ಆಗಲಿ.