ಸೆನ್ಸರ್ ಕೀಲಿ ಯಾರ ಹತ್ತಿರ ಇತ್ತು?

ಪೀಣ್ಯದ ಓದುಗರೊಬ್ಬರ ಪತ್ರ: "ನಾನು ಪವರ್ ಪ್ರೆಸ್ (ಲೋಹದ ಶೀಟು ಒತ್ತಿ ಪೀಸು ಮಾಡುವ ಮಿಷಿನ್) ಆಪರೇಟರ್. ಪಕ್ಕದ ಮಿಷಿನ್ ಹುಡುಗನ ಎರಡು ಬೆರಳು ಡೈಗೆ (ಶೀಟು ಒತ್ತುವ ಅಚ್ಚಿಗೆ) ಸಿಕ್ಕಿ ಹೋದವು. ಕೈ ಅಡ್ಡ ಬಂದರೆ ಮಿಷಿನ್ ನಿಲ್ಲಿಸುವ ಸೆನ್ಸರ್ ಆಫ್ ಆಗಿತ್ತು. ತಪ್ಪು ಅವನದೇ, ಏನೂ ಸಿಗಲ್ಲ, ಆಸ್ಪತ್ರೆಯಲ್ಲಿ 'ಮನೆಯಲ್ಲಿ ಆಯ್ತು' ಅಂತ ಬರೆಸು ಅನ್ನುತ್ತಿದ್ದಾರೆ. ನಿಜವೇ?"

ಸಂಪಾದಕರ ಉತ್ತರ:

ನಿಜವಲ್ಲ. ದಯವಿಟ್ಟು ಇವತ್ತೇ ಆ ಹುಡುಗನಿಗೆ ಹೇಳಿ, ಸುಳ್ಳು ಬರೆಸಬೇಡ ಅಂತ. ಆಸ್ಪತ್ರೆ ಚೀಟಿಯಲ್ಲಿ ಒಮ್ಮೆ "ಮನೆಯಲ್ಲಿ" ಎಂದು ಬಿದ್ದರೆ ಆಮೇಲೆ ತಿದ್ದಿಸಲು ಅವನೇ ಅಲೆಯಬೇಕು.

ಅವನಿಗೆ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇದೆಯಾ ನೋಡಿ. ಇದ್ದರೆ, ಯಾರ ತಪ್ಪು ಎಂಬ ಮಾತೇ ಅಡ್ಡ ಬರುವುದಿಲ್ಲ. ನಿಯಮ ಮೀರಿ ಮಾಡಿದ ಕೆಲಸವಾದರೂ, ಅದು ಮಾಲೀಕರ ಕೆಲಸಕ್ಕಾಗಿಯೇ ಆಗಿದ್ದರೆ ಕೆಲಸದಿಂದಾದ ಅಪಘಾತವೇ ಎಂದು ಇಎಸ್‌ಐ ಕಾನೂನು ಹೇಳುತ್ತದೆ. ಸೇರಿದ ಮೊದಲ ದಿನವೇ ಪೆಟ್ಟಾದರೂ ಹಕ್ಕು ಇದೆ. ಗಾಯ ಮಾಯುವ ತನಕ ದಿನಗೂಲಿಯ ಸುಮಾರು ಶೇ. 90 ಸಿಗುತ್ತದೆ. ಹೋದ ಬೆರಳಿಗೆ ಮೆಡಿಕಲ್ ಬೋರ್ಡ್ ನಷ್ಟ ಎಷ್ಟು ಶೇಕಡಾ ಎಂದು ಲೆಕ್ಕ ಹಾಕುತ್ತದೆ, ಅದರ ಮೇಲೆ ಪರಿಹಾರ. ಅಪಘಾತದ ವರದಿ ಕಳಿಸುವುದು ಮಾಲೀಕರ ಕೆಲಸ, ಹುಡುಗನದಲ್ಲ.

ಇನ್ನು ಸೆನ್ಸರ್ ವಿಷಯ. ಪ್ರೆಸ್ ಶಾಪಿನಲ್ಲಿ ಅರ್ಧ ದಿನ ನಿಂತು ನೋಡಿದ್ದೇನೆ. ಎಡಗೈ ಡೈ ಒಳಗೆ ಶೀಟು ಇಡುತ್ತದೆ, ಕಾಲು ಪೆಡಲ್ ಒತ್ತುತ್ತದೆ, ಬಲಗೈ ಪೀಸು ಎಳೆಯುತ್ತದೆ. ಎಂಟು ಗಂಟೆ ಅದೇ. ಕೈ ಅಡ್ಡ ಬಂದಾಗಲೆಲ್ಲ ಸೆನ್ಸರ್ ಪ್ರೆಸ್ ನಿಲ್ಲಿಸುತ್ತದೆ. ಅದಕ್ಕೇ ಇರುವುದು. ಆದರೆ ಪೀಸು ಕಡಿಮೆ ಬೀಳುತ್ತೆ, ಟಾರ್ಗೆಟ್ ಮುಟ್ಟಲ್ಲ, ಅದಕ್ಕೇ ಸೆನ್ಸರ್ ಆಫ್ ಮಾಡೋದು, ಅಲ್ವಾ? ಟಾರ್ಗೆಟ್ ಇಟ್ಟವರು ಯಾರು? ಸುಸ್ತಾದ ಹುಡುಗನ ಕೈ ಒಂದು ಸಲ ತಡವಾಗುವುದು ಸಹಜ. ಆ ಒಂದು ಸಲಕ್ಕಾಗಿಯೇ ಗಾರ್ಡ್ ಬೇಕು. ಮಿಷಿನ್‌ನ ಅಪಾಯದ ಭಾಗಕ್ಕೆ ತಡೆ ಇರಲೇಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಂನಲ್ಲೇ ಬರೆದಿತ್ತು. "ಹುಷಾರಾಗಿರು" ಅನ್ನುವ ಬೋರ್ಡು ತಡೆಯಲ್ಲ.

ಹಲವು ಪ್ರೆಸ್‌ಗಳಲ್ಲಿ ಸೆನ್ಸರ್ ಬೈಪಾಸ್ ಮಾಡಲು, ಅಂದರೆ ಅದನ್ನು ಆಫ್ ಮಾಡಿ ಮಿಷಿನ್ ಓಡಿಸಲು, ಕೀಲಿ ಇರುತ್ತದೆ. ಅದು ಇರಬೇಕಾದ್ದು ಸೂಪರ್‌ವೈಸರ್ ಹತ್ತಿರ. ನಿಮ್ಮಲ್ಲಿ ಯಾರ ಹತ್ತಿರ ಇತ್ತು? ಎಷ್ಟು ದಿನದಿಂದ ಮಿಷಿನ್‌ಗೇ ಚುಚ್ಚಿಟ್ಟಿತ್ತು? ನೀವು ಪಕ್ಕದಲ್ಲೇ ಇದ್ದಿರಿ. ತಾರೀಕು, ಶಿಫ್ಟು, ಮಿಷಿನ್ ನಂಬರ್, ಕೀಲಿ ಇದ್ದ ಜಾಗ, ಕಂಡದ್ದನ್ನೆಲ್ಲ ಇವತ್ತು ರಾತ್ರಿಯೇ ಒಂದು ಹಾಳೆಯಲ್ಲಿ ಬರೆದಿಡಿ. ನಾಳೆ ಆ ಹುಡುಗನ ಜೊತೆ ಇಎಸ್‌ಐ ಬ್ರಾಂಚ್ ಆಫೀಸಿಗೆ ಹೋಗಿ ಬನ್ನಿ. ಒಬ್ಬನನ್ನೇ ಕಳಿಸಬೇಡಿ.