ನೆರೆ ವಲಯದಲ್ಲಿ ಮನೆ: ವಿನಾಯಿತಿ ಯಾರಿಗೆ ಸಲ್ಲಬೇಕು?

ಪ್ರಶ್ನೆ: ನಕ್ಷೆಯಲ್ಲಿ ನೆರೆ ವಲಯವೆಂದು ಗುರುತಿಸಿದ ಜಾಗದಲ್ಲಿ ಮನೆ ಕಟ್ಟಲು ಒಬ್ಬರು, ಮನೆಯ ನೆಲ ನೆರೆಮಟ್ಟಕ್ಕಿಂತ (ನೆರೆನೀರು ಏರುವ ಮಟ್ಟಕ್ಕಿಂತ) ಮೇಲಿರಬೇಕೆಂಬ ನಿಯಮದಿಂದ ವಿನಾಯಿತಿ ಕೇಳಿದ್ದಾರೆ. ಸುತ್ತಲೂ ತಗ್ಗಿನಲ್ಲೇ ಹಳೆಯ ಮನೆಗಳಿವೆ, ತಾವೊಬ್ಬರೇ ನೆಲಮಟ್ಟ ಎತ್ತರಿಸಲು ಹೋದರೆ ಖರ್ಚು ವಿಪರೀತವಾಗುತ್ತದೆ ಎಂಬುದು ಅವರ ವಾದ. ಇಂಥ ಕೋರಿಕೆಯನ್ನು ನಿರಾಕರಿಸುವುದು ನ್ಯಾಯವೇ?

ಉತ್ತರ: ಖರ್ಚು ಒಂದೇ ಕಾರಣವಾದರೆ ನಿರಾಕರಿಸುವುದೇ ನ್ಯಾಯ. ವಿನಾಯಿತಿಯ ಏರ್ಪಾಡು ಇರುವುದು ನಿವೇಶನದ ತೊಡಕಿಗಾಗಿಯೇ ಹೊರತು ಮಾಲೀಕರ ಕೈಬಿಗಿತಕ್ಕಾಗಿ ಅಲ್ಲ. ಮಾಲೀಕರು ನಾಳೆ ಮಾರಿ ಹೋಗಬಹುದು; ತಗ್ಗಿನಲ್ಲಿ ಕಟ್ಟಿದ ಮನೆ ಹಲವು ದಶಕ ಅಲ್ಲೇ ಇರುತ್ತದೆ. ಜಾಗದ ಆಕಾರ ಅಥವಾ ಇಳಿಜಾರಿನಿಂದಾಗಿ ನಿಯಮ ಪಾಲಿಸಿದರೆ ಏನನ್ನೂ ಕಟ್ಟಲಾಗದು ಎಂಬ ಸ್ಥಿತಿಯಿದ್ದರೆ ಮಾತ್ರ ಕೋರಿಕೆ ಪರಿಶೀಲನೆಗೆ ಅರ್ಹ.

ಹಳೆಯ ಮನೆಗಳ ವಾದದಲ್ಲಿ ಸ್ವಲ್ಪ ಹುರುಳಿದೆ. ಅಮೆರಿಕದ ರಾಷ್ಟ್ರೀಯ ನೆರೆ ವಿಮಾ ಯೋಜನೆಯ ನಿಯಮಗಳೂ ಅರ್ಧ ಎಕರೆ ಮೀರದ, ಸುತ್ತಲೂ ನೆರೆಮಟ್ಟಕ್ಕಿಂತ ತಗ್ಗಿನ ಮನೆಗಳಿಂದ ಆವೃತವಾದ ನಿವೇಶನಗಳಿಗೆ ವಿನಾಯಿತಿಯ ಬಾಗಿಲನ್ನು ತೆರೆದಿಟ್ಟಿವೆ. ಆದರೆ ನೆರೆನೀರು ಹರಿಯುವ ಮುಖ್ಯ ಪಾತ್ರದೊಳಗೆ, ಕಟ್ಟಡದಿಂದ ನೆರೆಮಟ್ಟ ಕಿಂಚಿತ್ತಾದರೂ ಏರುವಂತಿದ್ದರೆ ಅದನ್ನು ಕೊಡಕೂಡದೆಂದು ಅವೇ ಹೇಳುತ್ತವೆ. ನೀವು ಮೊದಲು ಕೇಳಬೇಕಾದ ಪ್ರಶ್ನೆಯೂ ಇದೇ: ಇಲ್ಲಿ ನಿಲ್ಲುತ್ತಿದ್ದ ನೀರು ಇನ್ನು ಎಲ್ಲಿಗೆ ಹೋಗುತ್ತದೆ? 1,000 ಚದರ ಮೀಟರ್ ನಿವೇಶನಕ್ಕೆ 1 ಮೀಟರ್ ಎತ್ತರ ಮಣ್ಣು ತುಂಬಿದರೆ ನೆರೆಯ ಹೊತ್ತಿನಲ್ಲಿ ಸುಮಾರು 10 ಲಕ್ಷ ಲೀಟರ್ ನೀರಿನ ಜಾಗ ಇಲ್ಲವಾಗುತ್ತದೆ. ಒಂದು ಮನೆಯ ಪರಿಣಾಮ ಅಳತೆಗೆ ಸಿಗದಷ್ಟು ಚಿಕ್ಕದಿರಬಹುದು. ಆದರೆ ಒಬ್ಬರಿಗೆ ಕೊಟ್ಟದ್ದನ್ನು ಪಕ್ಕದವರಿಗೆ ಇಲ್ಲವೆನ್ನಲು ಕಾರಣ ಉಳಿಯುವುದಿಲ್ಲ, ಆಗ ಮೊದಲಿಂದ ಇದ್ದ ಹಳೆಯ ಮನೆಗಳೇ ಮುಳುಗುತ್ತವೆ. ಮಣ್ಣು ತುಂಬದೆ ಕಂಬಗಳ ಮೇಲೆ ಮನೆಯನ್ನೆತ್ತಿದರೆ ನೀರು ಕೆಳಗೆ ಹರಿಯುತ್ತದೆ; ಈ ದಾರಿಯಿರುವಾಗ ವಿನಾಯಿತಿಯ ಅಗತ್ಯವೇ ಎಷ್ಟೋ ಸಲ ಬೀಳದು.

‘ನೂರು ವರ್ಷಕ್ಕೊಮ್ಮೆ ಬರುವ ನೆರೆ ತಾನೇ’ ಎಂಬ ಸಮಾಧಾನವನ್ನು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಯಾವುದೇ ಒಂದು ವರ್ಷದಲ್ಲಿ ಬರುವ ಸಾಧ್ಯತೆ ಶೇ. 1ರಷ್ಟಿರುವ ನೆರೆ, 30 ವರ್ಷಗಳ ಗೃಹಸಾಲ ತೀರುವುದರೊಳಗೆ ಕನಿಷ್ಠ ಒಮ್ಮೆ ಬರುವ ಸಾಧ್ಯತೆ ಸುಮಾರು ಶೇ. 26.

ಪ್ರಶ್ನೆ: ಹೀಗೆ ವಿನಾಯಿತಿ ಪಡೆದು ಕಟ್ಟಿದ ಮನೆಯನ್ನು ಕೊಳ್ಳಬಹುದೇ?

ಉತ್ತರ: ಕೊಳ್ಳಬಹುದು, ಆದರೆ ವಿನಾಯಿತಿ ಕಟ್ಟಡದ ನಿಯಮವನ್ನಷ್ಟೇ ಸಡಿಲಿಸುತ್ತದೆ, ವಿಮಾ ಕಂಪನಿ ಕಂತನ್ನು ನಿಗದಿಪಡಿಸುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ. ನೆರೆಮಟ್ಟಕ್ಕಿಂತ ಕೆಳಗೆ ಕಟ್ಟಿದರೆ ಪ್ರತಿ 100 ಡಾಲರ್ ವಿಮೆಗೆ 25 ಡಾಲರ್‌ವರೆಗೂ ಕಂತು ಏರಬಹುದೆಂದು ಅರ್ಜಿದಾರರಿಗೆ ಲಿಖಿತವಾಗಿ ತಿಳಿಸಬೇಕೆಂದು ಮೇಲೆ ಹೇಳಿದ ಅಮೆರಿಕದ ನಿಯಮಗಳೇ ವಿಧಿಸಿವೆ. ಆ ತಿಳಿವಳಿಕೆ ಪತ್ರ ಮೊದಲ ಮಾಲೀಕರ ಕೈ ಸೇರುತ್ತದೆ, ಕೊಳ್ಳುವವರ ಕಣ್ಣಿಗೆ ಬೀಳುವ ಖಾತರಿಯಿಲ್ಲ. ಆದ್ದರಿಂದ ಮುಂಗಡ ಕೊಡುವ ಮೊದಲೇ ವಿನಾಯಿತಿ ಆದೇಶದ ಪ್ರತಿ, ಅದರ ಷರತ್ತುಗಳು ಮತ್ತು ನೆಲಮಹಡಿಯ ಮಟ್ಟದ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ. ವಿಮೆಯ ಕಂತು ಎಷ್ಟಾಗುತ್ತದೆಂಬುದನ್ನೂ ಆಗಲೇ ವಿಚಾರಿಸಿಕೊಳ್ಳಿ.